ನಡುಮನೆಯ ಈಜುಶಾಲೆ

ಈಜು ಕಲಿಯುವುದಕ್ಕೆ ನೀರು ಯಾಕೆ ಬೇಕು?

ಈ ಕ್ರಾಂತಿಕಾರಿ ಪ್ರಶ್ನೆಯನ್ನು ನಾನು ಒಂದು ಸಂಜೆ ಊಟದ ಮೇಜಿನ ಮುಂದೆ ಎದೆಯುಬ್ಬಿಸಿ ಕೇಳಿದಾಗ ನನ್ನವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಸೂಜಿ ಕಂಡು ಕಿರುಚುವವರನ್ನು ನೋಡಿ ನೋಡಿ, ಮನೆಯಲ್ಲಿ ಯಾರು ಏನು ಕಿರುಚಿದರೂ ಅವಳ ಮುಖದ ಒಂದು ಗೆರೆಯೂ ಅಲುಗುವುದಿಲ್ಲ.

ಬೆನ್ನುನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ನನಗೆ ನೀರೆಂದರೆ ಭಯವಿದೆ ಎಂದು ಯಾರೂ ಭಾವಿಸಬೇಡಿ. ಲೋಟದಲ್ಲಿ, ಬಕೆಟ್ಟಿನಲ್ಲಿ, ದೂರದ ಕೆರೆಯಲ್ಲಿ ನೀರನ್ನು ನಾನು ಧೈರ್ಯವಾಗಿಯೇ ನೋಡುತ್ತೇನೆ. ಮೂಗಿನೊಳಗೆ ಹೋಗುವ ನೀರೊಂದು ಮಾತ್ರ ನನಗೆ ಆಗುವುದಿಲ್ಲ. ಆದ್ದರಿಂದ ಮೊದಲು ಮನೆಯಲ್ಲೇ ಒಣ ನೆಲದ ಮೇಲೆ ಈಜನ್ನು ಪೂರ್ತಿ ಕಲಿತು, ಆಮೇಲೆ ಯಾವಾಗಲಾದರೂ, ಅನುಕೂಲ ಆದಾಗ, ನೀರಿಗೆ ಇಳಿಯುವುದೆಂದು ತೀರ್ಮಾನಿಸಿದೆ.

ಇದು ಹುಚ್ಚು ಎಂದು ನಿಮಗೆ ಅನ್ನಿಸಿದರೆ ನನ್ನ ಕೆಲಸ ಏನೆಂದು ಹೇಳಬೇಕಾಗುತ್ತದೆ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವ ಮಾಸ್ತರ. ನಮ್ಮಲ್ಲಿ ಕಲಿಯಲು ಬಂದವರನ್ನು ನೇರವಾಗಿ ಕಾರಿಗೆ ಹತ್ತಿಸುವ ಪದ್ಧತಿ ಇಲ್ಲ. ಮೊದಲು ಕುರ್ಚಿಯ ಮೇಲೆ ಕೂರಿಸುತ್ತೇವೆ. ಮುಂದಿನ ಮೇಜಿಗೆ ಒಂದು ಹಳೆಯ ಸ್ಟಿಯರಿಂಗ್ ಬಿಗಿದಿದೆ, ಕಾಲ ಕೆಳಗೆ ಮರದ ಪೆಡಲ್‌ಗಳಿವೆ. ಅವರು ಅದನ್ನು ತಿರುಗಿಸುತ್ತಾ, ತುಳಿಯುತ್ತಾ, ಗೋಡೆಯ ಮೇಲಿನ ಸಂಚಾರದ ಚಿತ್ರಗಳನ್ನು ನೋಡುತ್ತಾ ದಿನಗಟ್ಟಲೆ ಓಡಿಸುತ್ತಾರೆ. ಇದುವರೆಗೆ ಆ ಕುರ್ಚಿ ಯಾರಿಗೂ ಗುದ್ದಿಲ್ಲ. ಇಷ್ಟು ಸುರಕ್ಷಿತವಾದ ವಿಧಾನ ಈಜಿಗೆ ಮಾತ್ರ ಯಾಕೆ ಆಗಬಾರದು?

ಮರುದಿನ ಬೆಳಿಗ್ಗೆ ನಡುಮನೆಯ ಮಧ್ಯೆ ಸ್ಟೂಲು ಹಾಕಿ, ಅದರ ಮೇಲೆ ಹೊಟ್ಟೆಯನ್ನಿಟ್ಟು, ಕೈಕಾಲುಗಳನ್ನು ಗಾಳಿಗೆ ಬಿಟ್ಟೆ. ಶಿಸ್ತು ಇರಲಿ ಎಂದು ಈಜುಕನ್ನಡಕವನ್ನೂ ಟೋಪಿಯನ್ನೂ ಧರಿಸಿದ್ದೆ. ಉಸಿರು ಬಿಗಿಹಿಡಿದು, ಕತ್ತು ಮೇಲೆತ್ತಿ, ಕೈಕಾಲು ಬಡಿಯುತ್ತಾ ಕಲ್ಪನೆಯ ಮಹಾಸಾಗರವನ್ನು ಸೀಳಿಕೊಂಡು ಸಾಗುತ್ತಿರುವಾಗ ನನ್ನ ಅತ್ತೆ ಕೋಣೆಯಿಂದ ಹೊರಬಂದರು.

ಅಳಿಯ ಸ್ಟೂಲಿನ ಮೇಲೆ ಕವುಚಿ ಬಿದ್ದು ಕೈಕಾಲು ಒದರುತ್ತಿರುವುದನ್ನು ಕಂಡು ಪಾಪ, ಅವರು ಏನೆಂದುಕೊಂಡರೋ. ಮಗಳನ್ನು ಕೂಗಿದರು, ಒಳಗೆ ಓಡಿದರು, ತಂಬಿಗೆ ತುಂಬ ನೀರು ತಂದು ನನ್ನ ಮುಖಕ್ಕೆ ಎರಚಿದರು. ನೀರು ನೆಟ್ಟಗೆ ಮೂಗಿನೊಳಗೇ ಹೋಯಿತು. ಒಣ ಈಜಿನ ತರಬೇತಿಯಲ್ಲಿ ನೀರು ಕಾಣಿಸಿಕೊಂಡಿದ್ದು ಅದೊಂದೇ ಸಲ.

"ನಿಮ್ಮ ಯಜಮಾನರಿಗೆ ಇದು ಮೊದಲಿಂದಲೂ ಇತ್ತಾ?" ಎಂದು ಅತ್ತೆ ಮಗಳನ್ನು ಕೇಳಿದರು.

"ಮದುವೆ ಆದಾಗಿಂದ ಇದೆ ಅಮ್ಮ. ಹೊರಗೆ ಕಾಣ್ತಾ ಇರೋದು ಮಾತ್ರ ಈಗ," ಎಂದಳು ನನ್ನವಳು, ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಹೊರಡುತ್ತಾ.

ಸ್ಟೂಲಿನ ಮೇಲೆ ಕೈಕಾಲು ಪಳಗಿದ ಮೇಲೆ ನನಗೆ ಒಂದು ಕೊರತೆ ಕಾಣಿಸಿತು. ಎಷ್ಟು ಈಜಿದರೂ ಇದ್ದಲ್ಲೇ ಇರುತ್ತಿದ್ದೆ. ಮುಂದೆ ಸಾಗುವ ಅನುಭವ ಬೇಕಲ್ಲ? ಸ್ಕೂಲಿನಿಂದ ಚಕ್ರದ ಸ್ಟೂಲೊಂದನ್ನು ಎತ್ತಿಕೊಂಡು ಬಂದೆ. ಅದರ ಮೇಲೆ ಮಲಗಿ ಗೋಡೆಗೆ ಕಾಲು ಕೊಟ್ಟು ಜೋರಾಗಿ ಒದ್ದೆ. ಸಾಗಿದೆ ನೋಡಿ! ನಡುಮನೆ ದಾಟಿದೆ, ಊಟದ ಮೇಜಿನ ಕೆಳಗೆ ನುಸುಳಿದೆ, ಅಡುಗೆಮನೆಯ ಹೊಸ್ತಿಲು ಹಾರಿದೆ. ಡ್ರೈವಿಂಗ್ ಮಾಸ್ತರನಾಗಿಯೂ ಈ ವಾಹನಕ್ಕೆ ಬ್ರೇಕ್ ಇಲ್ಲ ಎನ್ನುವುದು ನನಗೆ ಹೊಳೆದದ್ದು ಹಿಟ್ಟಿನ ಡಬ್ಬಗಳ ಕಪಾಟಿಗೆ ತಲೆ ತಾಗಿದ ಮೇಲೆ. ಮೇಲಿನ ಸಾಲಿನ ಡಬ್ಬಗಳು ಒಂದೊಂದಾಗಿ ಬೆನ್ನ ಮೇಲೆ ಇಳಿದವು. ಕೊನೆಯದಾಗಿ ಮೊಟ್ಟೆಯ ಬುಟ್ಟಿಯೂ ಬಂತು.

ಆ ಸದ್ದಿಗೆ ಕೆಳಗಿನ ಮನೆಯ ದಂತವೈದ್ಯರು ಮೇಲೆ ಓಡಿಬಂದರು. ತಮ್ಮ ಮನೆಯ ಸೂರು ದಿನಾ ಬೆಳಿಗ್ಗೆ ಧಡಧಡ ಎನ್ನುತ್ತದೆ, ಇವತ್ತು ಬಿದ್ದೇಹೋಯಿತು ಎಂದು ಜಗಳ ತೆಗೆಯಲು ಬಂದವರು, ಹಿಟ್ಟು ಮೊಟ್ಟೆ ಮೆತ್ತಿಕೊಂಡು ಕನ್ನಡಕ ಹಾಕಿ ನೆಲದ ಮೇಲೆ ಮಲಗಿದ್ದ ನನ್ನನ್ನು ಕಂಡು ಜಗಳ ಮರೆತರು. ನಾನು ಎದ್ದು, ಹಣೆಯಿಂದ ಇಳಿಯುತ್ತಿದ್ದ ಲೋಳೆಯನ್ನು ಒರೆಸಿಕೊಂಡು, ನನ್ನ ವಿಧಾನವನ್ನು ಗಂಭೀರವಾಗಿ ವಿವರಿಸಿದೆ. ಅವರು ಕಣ್ಣು ಕಣ್ಣು ಬಿಟ್ಟು ಕೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, ತಮಗೂ ಚಿಕ್ಕಂದಿನಿಂದ ಈಜು ಕಲಿಯುವ ಆಸೆ, ಆದರೆ ನೀರೆಂದರೆ ಕೈಕಾಲು ನಡುಗುತ್ತದೆ, ದಯವಿಟ್ಟು ಶಿಷ್ಯನಾಗಿ ಸೇರಿಸಿಕೊಳ್ಳಬೇಕು ಎಂದರು!

ನನಗೆ ಕೊಂಬು ಮೂಡಿತು. ಗಮನಿಸಿ, ನನಗೆ ಈಜು ಬರುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬರುತ್ತದೆಯೇ ಎಂದು ಅವರೂ ಕೇಳಲಿಲ್ಲ. ಮಾರನೆಯ ದಿನ ಅವರು ತಮ್ಮದೇ ಸ್ಟೂಲು ಹೊತ್ತು ಬಂದರು. ಅವರ ಹಿಂದೆ ಮೂಲೆಯಂಗಡಿಯ ದರ್ಜಿ ಬಂದರು. ಅತ್ತೆ ಕೆಲವು ದಿನ ಮೂಗು ಮುರಿದರು. ಒಂದು ಬೆಳಿಗ್ಗೆ ನೋಡಿದರೆ ಅವರೂ ಸ್ಟೂಲಿಗೆ ದಿಂಬು ಹಾಕಿಕೊಂಡು ಮಲಗಿದ್ದರು. ಮೊಣಕಾಲಿಗೆ ಹಾಯಾಗಿದೆ ಎಂದರು.

ನಾನು ಅವರ ನಡುವೆ ಕೋಲು ಹಿಡಿದು ಓಡಾಡುತ್ತಾ ಪಾಠ ಹೇಳುತ್ತಿದ್ದೆ. ಉಸಿರು ಬಿಗಿಹಿಡಿಯಿರಿ, ಮೈ ಕಬ್ಬಿಣದ ಹಾಗಿರಲಿ, ಕತ್ತು ಮೇಲಿರಲಿ, ನೀರಿಗೆ ಬಿಡುವೇ ಕೊಡದಂತೆ ಬಡಿಯಿರಿ! ಬಾಯಿಗೆ ಬಂದದ್ದು ಮುಗಿದಾಗ ನನ್ನ ವೃತ್ತಿಯ ಪಾಠ ತಾನಾಗಿಯೇ ಹೊರಬರುತ್ತಿತ್ತು. ಬಲಕ್ಕೆ ತಿರುಗುವ ಮೊದಲು ಬಲಗೈ ಪೂರ್ತಿ ಹೊರಗೆ ಚಾಚಬೇಕು. ವೇಗ ತಗ್ಗಿಸುವಾಗ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ಮುಂದಿನವರು ಕೈ ತೋರಿಸಿದರೆ ಹಿಂದಿನವರು ನಿಂತು ದಾರಿ ಬಿಡಬೇಕು. ಮೂವರೂ ಭಕ್ತಿಯಿಂದ ಕೈ ಆಡಿಸಿದರು. ದಂತವೈದ್ಯರಂತೂ ತಿರುಗುವ ಮೊದಲು ಹಿಂದೆ ನೋಡುವುದನ್ನೂ ಮರೆಯುತ್ತಿರಲಿಲ್ಲ.

ನನ್ನವಳು ಮೂಲೆಯಲ್ಲಿ ನಿಂತೇ ಪತ್ರಿಕೆ ಓದುತ್ತಿದ್ದಳು. ಕೂರುವುದಕ್ಕೆ ಸ್ಟೂಲು ಉಳಿದಿರಲಿಲ್ಲ.

ಎಲ್ಲವೂ ಹೀಗೇ ಸುಖವಾಗಿ ನಡೆಯುತ್ತಿತ್ತು. ಆದರೆ ಒಂದು ದಿನ ಪಾಠ ಮುಗಿದ ಮೇಲೆ ದಂತವೈದ್ಯರು ನಮಸ್ಕರಿಸಿ ನಿಂತರು.

"ಸರ್, ನಿಮ್ಮ ಸ್ಕೂಲಲ್ಲಿ ಕುರ್ಚಿ ಆದ್ಮೇಲೆ ರೋಡಿಗೆ ಬಿಡ್ತೀರಲ್ವಾ? ನಾವೂ ಭಾನುವಾರ ಈಜುಕೊಳಕ್ಕೆ ಹೋಗೋಣ. ನಾನು ಎಲ್ಲರಿಗೂ ಜಾಗ ಹೇಳಿಟ್ಟಿದ್ದೀನಿ. ಮೊದಲು ನೀವು ಇಳೀಬೇಕು. ನಿಮ್ಮನ್ನ ನೋಡಿ ನಾವು."

ನನ್ನ ಗಂಟಲು ಒಣಗಿತು. ಇಡೀ ತರಬೇತಿಯಲ್ಲಿ ಅಷ್ಟು ಒಣಗಿದ ವಸ್ತು ಬೇರೊಂದಿರಲಿಲ್ಲ. ಪುನರಾವರ್ತನೆ ಆಗಲಿ ಎಂದೆ, ಆಗಿದೆ ಎಂದರು. ಪರೀಕ್ಷೆ ಮಾಡುತ್ತೇನೆ ಎಂದೆ, ಸ್ಟೂಲಿನ ಮೇಲೆ ಮೂವರೂ ಅದ್ಭುತವಾಗಿ ಪಾಸಾದರು. ದರ್ಜಿ ಆಗಲೇ ಮಳೆಯಂಗಿಯ ಬಟ್ಟೆಯಲ್ಲಿ ಎಲ್ಲರಿಗೂ ಈಜುಡುಗೆ ಹೊಲಿದಿದ್ದರು. ಅಭ್ಯಾಸಬಲದಿಂದ ಎಲ್ಲದಕ್ಕೂ ಜೇಬು ಇಟ್ಟಿದ್ದರು. ನನಗೆ ಗುರುವೆಂದು ಕಾಲರನ್ನೂ ಇಟ್ಟಿದ್ದರು.

ಶನಿವಾರ ನನ್ನವಳ ಬಳಿ ಮೆಲ್ಲಗೆ ರಾಗ ಎಳೆದೆ. "ನನಗ್ಯಾಕೋ ನೆಗಡಿ ಬರೋ ಹಾಗಿದೆ."

"ಬರಲ್ಲ," ಎಂದಳು ಅವಳು. "ನಿಮಗೆ ಈಜು ಬರಲ್ಲ ಅಂತ ಹೇಳಿಬಿಡಿ. ಯಾರೂ ಏನೂ ಅಂದ್ಕೊಳ್ಳಲ್ಲ."

ಹೇಳಬಹುದಿತ್ತು. ಆದರೆ ಆಗ ನನ್ನ ಗುರುಪೀಠ ಏನಾಗಬೇಕು? ನನ್ನನ್ನು ಬದುಕಿನಲ್ಲಿ ಮೊದಲ ಸಲ ಅತ್ತೆ ಗೌರವದಿಂದ ನೋಡುತ್ತಿದ್ದರು. ಅಳಿಯಂದಿರು ಹೇಳಿದ ಹಾಗೆ ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಅದನ್ನು ಕಳೆದುಕೊಳ್ಳುವುದಕ್ಕಿಂತ ಮುಳುಗುವುದೇ ಮೇಲು ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಅಲ್ಲದೆ ಸ್ಟೂಲಿನ ಮೇಲೆ ಅಷ್ಟು ಚೆನ್ನಾಗಿ ಈಜುವವನು ನೀರಿನಲ್ಲಿ ಸ್ವಲ್ಪವಾದರೂ ಈಜಲಾರನೇ ಎಂಬ ದುರಾಸೆಯೂ ಒಳಗೆ ಇತ್ತು.

ಭಾನುವಾರ ಕೊಳದ ಅಂಚಿನಲ್ಲಿ ನಾವು ಸಾಲಾಗಿ ನಿಂತೆವು. ಪತ್ರಿಕೆ ಹಿಡಿದು ನನ್ನವಳೂ ಬಂದಿದ್ದಳು. ಕೊರಳಿಗೆ ಸೀಟಿ ನೇತುಹಾಕಿಕೊಂಡ ತರಬೇತುದಾರ ನಮ್ಮ ಜೇಬುಗಳನ್ನೂ ನನ್ನ ಕಾಲರನ್ನೂ ನೋಡಿ, ಈಜು ಬರುತ್ತದೆಯೇ ಎಂದು ಕೇಳಿದ. ಬದುಕಿನಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ಒಬ್ಬರು ಕೇಳಿದ್ದರು! ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮ ಅಳಿಯಂದಿರೇ ಕಲಿಸೋರು," ಎಂದುಬಿಟ್ಟರು.

ಕಲಿಸುವವನು ಮಕ್ಕಳ ಹಾಗೆ ಆಳವಿಲ್ಲದ ಕಡೆ ಇಳಿಯಲಾದೀತೇ? ಆಳದ ತುದಿಗೆ ಹೋದೆ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಸ್ಟೂಲಿನ ಮೇಲೆ ಬೀಳುವ ಹಾಗೆಯೇ ಹೊಟ್ಟೆ ಮುಂದೆ ಮಾಡಿ ಬಿದ್ದೆ. ಛಟಾರ್ ಎಂದಿತು.

ನನ್ನ ಹೊಟ್ಟೆ ಮೊದಲು ಸ್ಟೂಲನ್ನು ಹುಡುಕಿತು. ಸಿಗಲಿಲ್ಲ. ಆಮೇಲೆ ನಾನು ಪೂರ್ತಿಯಾಗಿ ಅದನ್ನು ಹುಡುಕಿಕೊಂಡು ಕೆಳಗೆ ಹೋದೆ. ಎರಡು ಜೇಬುಗಳೂ ತುಂಬಿಕೊಂಡವು. ಹೇಗೋ ಮೇಲೆ ಬಂದು, ಕಾಪಾಡಿ ಎನ್ನಲು ಬಾಯಿ ತೆರೆದರೆ ನೀರು ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಬಲಗೈಯೊಂದನ್ನು ನೀರಿನಿಂದ ಹೊರಗೆ ಚಾಚಿದೆ.

"ಸರ್ ಬಲಕ್ಕೆ ತಿರುಗ್ತಾ ಇದ್ದಾರೆ," ಎಂದು ದಂತವೈದ್ಯರು ಉಳಿದ ಶಿಷ್ಯರಿಗೆ ವಿವರಿಸುವುದು ಕೇಳಿಸಿತು. "ನೋಡಿ, ಕೈ ಎಷ್ಟು ನೇರವಾಗಿದೆ."

ಮತ್ತೆ ಮುಳುಗಿದೆ. ಮತ್ತೆ ಬಂದೆ. ಈ ಸಲ ಜೀವದಾಸೆಯಿಂದ ಕೈಯನ್ನು ಮೇಲೆ ಕೆಳಗೆ ಬೀಸಿದೆ.

"ಈಗ ವೇಗ ತಗ್ಗಿಸ್ತಾ ಇದ್ದಾರೆ," ಎಂದರು ದರ್ಜಿ. ನನಗೆ ಹಗ್ಗ ಎಸೆಯಲು ಮುಂದೆ ಬಂದ ತರಬೇತುದಾರನನ್ನು ನನ್ನ ಶಿಷ್ಯರು ತಡೆದು ನಿಲ್ಲಿಸಿದರು. ಗುರುಗಳು ಕೈ ತೋರಿಸಿದಾಗ ಹಿಂದಿನವರು ದಾರಿ ಬಿಡಬೇಕಂತೆ! ಕಲಿಸಿದ್ದು ನಾನೇ. ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ನನ್ನ ಮೇಲೆ ನನಗೇ ಎಂದೂ ಇಲ್ಲದ ಸಿಟ್ಟು ಬಂತು.

"ಅದು ಸಿಗ್ನಲ್ ಅಲ್ಲ," ಎಂದಿತು ನನ್ನವಳ ಸಮಾಧಾನದ ದನಿ. "ಅವರು ಮುಳುಗ್ತಾ ಇದ್ದಾರೆ. ತೆಗೀರಿ."

ಉದ್ದನೆಯ ಕೋಲೊಂದು ಬಂದು ನನ್ನ ಕಾಲರಿಗೆ ಸಿಕ್ಕಿಕೊಂಡಿತು. ಕಾಲರು ಹೊಲಿದ ದರ್ಜಿ ನೂರು ವರ್ಷ ಬಾಳಲಿ. ಅಂಚಿನ ಮೇಲೆ ಕವುಚಿ ಮಲಗಿಸಿ ನನ್ನೊಳಗಿನ ಅರ್ಧ ಕೊಳವನ್ನು ಹೊರಗೆ ತೆಗೆದರು. ಅತ್ತೆ ಪಕ್ಕದಲ್ಲಿ ಕುಳಿತು, ಅಂತೂ ಇದು ಅದೇ ಕಾಯಿಲೆ, ಆವತ್ತೇ ತೋರಿಸಬೇಕಿತ್ತು ಎಂದು ದುಃಖಪಡುತ್ತಿದ್ದರು.

ಕಣ್ಣು ಬಿಟ್ಟು ನೋಡುತ್ತೇನೆ, ಕೊಳದ ನಡುವೆ ನನ್ನವಳು ಅಂಗಾತ ಮಲಗಿದ್ದಾಳೆ! ನೀರಿನ ಮೇಲೆ! ನನಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, ಬಂದದ್ದು ಬಂದಾಗಿದೆ ಎಂದು ಇಳಿದಳಂತೆ. ಮಧ್ಯಾಹ್ನದ ನಿದ್ದೆಗೆ ಮಲಗಿದವಳ ಹಾಗೆ ಕೈಕಾಲು ಚೆಲ್ಲಿ, ಕಣ್ಣು ಅರೆಮುಚ್ಚಿ ತೇಲುತ್ತಿದ್ದಳು. ದಂತವೈದ್ಯರೂ ದರ್ಜಿಯೂ ಬೆಕ್ಕಸಬೆರಗಾಗಿ ನಿಂತಿದ್ದರು.

"ನೀನು... ಎಲ್ಲಿ ಕಲಿತೆ?" ಎಂದೆ, ಕೆಮ್ಮುತ್ತಾ.

"ನಿಮ್ಮ ಹತ್ರಾನೇ. ದಿನಾ ಕಿವಿ ಮೇಲೆ ಬೀಳ್ತಿತ್ತಲ್ಲ," ಎಂದಳು ಕಣ್ಣು ತೆರೆಯದೆ. "ನೀವು ಮೈ ಬಿಗಿ ಮಾಡಿ ಅಂದಿದ್ರಿ, ನಾನು ಸಡಿಲ ಬಿಟ್ಟೆ. ಕತ್ತು ಎತ್ತಿ ಅಂದಿದ್ರಿ, ನೀರಿಗೆ ಒರಗಿಸಿದೆ. ಬಡೀರಿ ಅಂದಿದ್ರಿ, ಸುಮ್ಮನಿದ್ದೆ. ನೀವು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿದೆ ಅಷ್ಟೇ. ನಮ್ಮ ಮನೆ ಇಷ್ಟು ವರ್ಷ ನಡೆದಿರೋದೂ ಹಾಗೇ ಅಲ್ವಾ?"

ಅತ್ತೆ ಎದ್ದು ನೀರಿಗಿಳಿದು ಮಗಳ ಪಕ್ಕ ತೇಲಿದರು. ಹಿಂದೆಯೇ ದಂತವೈದ್ಯರು ತೇಲಿದರು, ದರ್ಜಿಯೂ ತೇಲಿದರು. ನನ್ನ ಪಾಠವೆಲ್ಲ ಅವರಿಗೆ ಬಾಯಿಪಾಠವಾಗಿತ್ತಲ್ಲ, ತಿರುಗಿಸಿಕೊಂಡರೆ ಸಾಕಾಗಿತ್ತು.

ನನ್ನ ಕೆಲಸ ಹೋಯಿತು ಎಂದು ತಿಳಿಯಬೇಡಿ. ಈಗ ಭಾನುವಾರ ಬಂದರೆ ಇಡೀ ತಂಡ ಕೊಳದಲ್ಲಿರುತ್ತದೆ. ನಾನು ಅಂಚಿನ ಮೇಲೆ ಒಣ ಬಟ್ಟೆಯಲ್ಲಿ ನಿಂತು ಗಟ್ಟಿಯಾಗಿ ಸೂಚನೆ ಕೊಡುತ್ತೇನೆ. ಬಡಿಯಿರಿ ಎಂದರೆ ಅವರು ಸುಮ್ಮನಾಗುತ್ತಾರೆ, ಬಿಗಿಯಿರಿ ಎಂದರೆ ಸಡಿಲಾಗುತ್ತಾರೆ. ಹೊಸಬರೂ ಸೇರಿಕೊಂಡಿದ್ದಾರೆ, ತರಬೇತುದಾರನ ಶಿಷ್ಯರಿಗಿಂತ ಬೇಗ ಕಲಿಯುತ್ತಿದ್ದಾರೆ.

ಕಳೆದ ವಾರ ಮಾತ್ರ ನನಗೆ ರೋಷ ಬಂತು. ನಾನೂ ನಾಲ್ಕು ಕಡೆ ಓದಿ, ಸರಿಯಾದ ವಿಧಾನ ತಿಳಿದುಕೊಂಡು ಹೋಗಿ, "ಮೈ ಸಡಿಲ ಬಿಡಿ, ಶಾಂತವಾಗಿ ಉಸಿರಾಡಿ," ಎಂದು ಕೂಗಿದೆ. ದಂತವೈದ್ಯರು ತಕ್ಷಣ ಮುಳುಗಿದರು. ದರ್ಜಿ ಹಿಂಬಾಲಿಸಿದರು. ಅತ್ತೆಯನ್ನು ನನ್ನವಳು ಜಡೆ ಹಿಡಿದು ಮೇಲೆತ್ತಿದಳು.

ಎಲ್ಲರನ್ನೂ ಕೋಲಿನಿಂದ ಎಳೆದುಹಾಕಿದ ಮೇಲೆ ತರಬೇತುದಾರ ನನ್ನ ಬಳಿ ಬಂದ. ಏದುಸಿರು ಬಿಡುತ್ತಾ ಎರಡೂ ಕೈ ಜೋಡಿಸಿದ.

"ಸರ್, ನಿಮ್ಮ ದಮ್ಮಯ್ಯ. ಯಾರು ಬೇಕಾದ್ರೂ ಈಜು ಕಲೀಲಿ, ನೀವೊಬ್ರು ಮಾತ್ರ ಕಲೀಬೇಡಿ."