ಸೊಂಟದ ಸೂಜಿಯೂ ಅಕ್ಕನ ಬಳಗವೂ

ನನ್ನ ಗಂಡ ಸಿದ್ದಬಸಪ್ಪ ಬಾಯಿಬಡುಕ. ಇದು ದೂರಲ್ಲ, ನಿರ್ಣಯ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದ ನಾನು ಸಾಕ್ಷ್ಯವಿಲ್ಲದೆ ಮಾತನಾಡುವುದಿಲ್ಲ. ಅವರ ಹೊಟ್ಟೆಯಲ್ಲಿ ರೊಟ್ಟಿ ನಿಲ್ಲುತ್ತದೆ, ಮಜ್ಜಿಗೆ ನಿಲ್ಲುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ.

ಬಲಸೊಂಟದ ನೋವು ಶುರುವಾದಾಗ "ಯಾರಿಗೂ ಹೇಳಬೇಡಿ" ಎಂದಿದ್ದೆ. ಕಾರಣವಿತ್ತು. ಮಾರೇನಹಳ್ಳಿಯ ನಮ್ಮ ಅಕ್ಕನ ಬಳಗದಲ್ಲಿ ಪ್ರತಿ ಸೋಮವಾರ ಹೆಂಗಸರು ಸೇರಿ ವಚನ ಓದುತ್ತೇವೆ. ಅರ್ಥ ಹೇಳುವವಳು ನಾನು. ಅರ್ಥ ಹೇಳುವವರು ಎಲ್ಲರೆದುರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕೆಂಬುದು ಅಲ್ಲಿನ ರೂಢಿ. ಕೂರಲಾಗದವರಿಗೆ ಹಿಂದುಗಡೆ ಪ್ಲಾಸ್ಟಿಕ್ ಕುರ್ಚಿಗಳಿವೆ. ಅಲ್ಲಿ ಕೂತವರಿಗೆ ಪ್ರಸಾದ ಮೊದಲು ಸಿಗುತ್ತದೆ. ಅಭಿಪ್ರಾಯ ಯಾರೂ ಕೇಳುವುದಿಲ್ಲ. (ಉಸಿರಾಡುತ್ತಲೇ ಲಿಂಗೈಕ್ಯರಾಗುವ ವ್ಯವಸ್ಥೆ.) ನನ್ನ ಚಾಪೆಯ ಮೇಲೆ ಹುಬ್ಬಳ್ಳಿ ಕಡೆಯ ಅಕ್ಕವ್ವನ ಕಣ್ಣು ಬಹಳ ದಿನದಿಂದ ಇತ್ತು.

ವಾರ ಕಳೆಯುವುದರೊಳಗೆ ಹೂವಿನವಳು ಎಕ್ಕದೆಲೆ ತಂದುಕೊಟ್ಟಳು. ಇಸ್ತ್ರಿಯವನು ಯಾವುದೋ ಎಣ್ಣೆ ಹೇಳಿದ. ಹೊಸಹಳ್ಳಿ ಮೆಟ್ರೋ ನಿಲ್ದಾಣದ ಕಾವಲಿನವನು "ಆಂಟಿ, ಲಿಫ್ಟ್ ಆ ಕಡೆ" ಎಂದ. ಅವನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಅವನಿಗ್ಯಾಕ್ರೀ ಹೇಳಿದ್ರಿ?"

"ಕೇಳ್ದ ಕಣೇ."

"ನಿಮ್ಮ ಹೆಂಡ್ತಿ ಸೊಂಟ ಹೇಗಿದೆ ಅಂತ ಕೇಳಿದ್ನಾ?"

"ಟೈಮ್ ಎಷ್ಟು ಅಂತ ಕೇಳ್ದ. ಹಾಗೇ ಮಾತು ಬಂತು."

ವಿಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಸೌಮ್ಯಶ್ರೀ ಪರೀಕ್ಷಿಸಿದರು. ಸೊಂಟದ ಕೀಲಿನ ಪಕ್ಕದ ಪುಟ್ಟ ಚೀಲವೊಂದು ಊದಿದೆ, ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡಿಕೊಂಡೇ ಸೂಜಿಯನ್ನು ಅಲ್ಲಿಗೆ ತಲುಪಿಸಿ ಔಷಧಿ ಬಿಡುತ್ತೇವೆ ಎಂದರು. ನಾನು ಎಲ್ಲ ಓದಿಕೊಂಡೇ ಹೋಗಿದ್ದೆ. ಮಂಚದ ಮೇಲೆ ಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಮಲಗಿ, ಶಬ್ದದ ಅಲೆಗಳು ಮೂಳೆಗೆ ಬಡಿದು ಹೇಗೆ ಹಿಂದಿರುಗುತ್ತವೆಂದು ಆಕೆಗೆ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿದರು.

"ನೋವಾದ್ರೆ ಹೇಳಿ ಅಮ್ಮ."

ಬಳಗದಲ್ಲಿ ಎಷ್ಟೋ ಸಲ ಹೇಳಿದ ಮಾತನ್ನೇ ಹೇಳಿದೆ: "ನೋವು ಅನ್ನೋದು ನರಗಳು ಕಳಿಸೋ ವರದಿ ಅಷ್ಟೇ. ಓದಿ ಪಕ್ಕಕ್ಕಿಡಬೇಕು. ನೀವು ಶುರು ಮಾಡಿ."

ಪರದೆ ನೋಡುವ ಆಸೆಯಿಂದ ಅಪ್ಪಣೆ ಬೇಡಿ ಒಳಬಂದಿದ್ದ ನನ್ನ ಗಂಡ, "ಮೇಡಮ್, ಇದ್ರಲ್ಲಿ ಕ್ರಿಕೆಟ್ಟೂ ಬರತ್ತಾ?" ಎಂದರು.

ಅಷ್ಟರಲ್ಲಿ ಸೊಂಟಕ್ಕೆ ಏನೋ ತಗುಲಿತು. ಭರ್ಜಿಯೆಂದೇ ಭಾವಿಸಿದೆ.

"ಅಯ್ಯಯ್ಯೋ ಯವ್ವಾ! ಸತ್ತೆ! ನಿನ್ ಕೈ ಸೇದಿಹೋಗ!"

(ಕೊನೆಯ ವಾಕ್ಯ ನಮ್ಮಜ್ಜಿಯದು. ಇಷ್ಟು ಪದವಿಗಳ ಅಡಿಯಲ್ಲಿ ಅದು ಎಲ್ಲಿ ಅಡಗಿತ್ತೋ ಕಾಣೆ.)

"ಅಮ್ಮ, ನಾನಿನ್ನೂ ಚುಚ್ಚಿಲ್ಲ," ಎಂದರು ಡಾಕ್ಟರು. "ಇದು ಜೆಲ್. ಸ್ವಲ್ಪ ತಣ್ಣಗಿದೆ."

ಆಮೇಲೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ವಿಚಾರ: ಈ ಮನುಷ್ಯ ಎಲ್ಲವನ್ನೂ ನೋಡಿದ್ದಾರೆ.

ಮುಂದಿನ ಸೋಮವಾರದ ಹೊತ್ತಿಗೆ ನೋವು ಇಳಿದಿತ್ತು. ತುಸು ಹೊತ್ತು ನೆಲದ ಮೇಲೆ ಕೂರಲು ಡಾಕ್ಟರೂ ಒಪ್ಪಿದ್ದರು. ನನ್ನ ಚೀಲ ಹೊತ್ತು ಇವರು ಬಳಗದ ಬಾಗಿಲವರೆಗೆ ಬಂದರು. ನಾನು ಚಾಪೆಯ ಮೇಲೆ ಮುಖ ಕಿವಿಚದೆ, ಪದ್ಮಾಸನಕ್ಕೆ ಸಮೀಪದ ಭಂಗಿಯಲ್ಲಿ ಆಸೀನಳಾದೆ. ವ್ಯರ್ಥ. ಯಾರೂ ನನ್ನ ಸೊಂಟ ನೋಡುತ್ತಿರಲಿಲ್ಲ, ಎಲ್ಲರೂ ಮುಖ ನೋಡುತ್ತಿದ್ದರು.

"ಮೇಡಮ್ಮಾರ," ಎಂದಳು ಅಕ್ಕವ್ವ, "ನಮ್ಮ ಸೊಸಿ ಅವತ್ತ ಅದ ಆಸ್ಪತ್ರ್ಯಾಗ ಹೊರಗ ಕುಂತಿದ್ಳು. ನೀವು ಒಳಗ ಹೋದ ಮ್ಯಾಲ ಯಾರೋ ಗ್ವಾಡಿ ಬಿರಿಯೂವಂಗ ಚೀರಿದ್ರಂತ. ನೋವು ಅಂದ್ರ ಬರೇ ವರದಿ ಅಂತಿದ್ರೆಲ್ಲ ನೀವು?"

ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿಯೊಂದು ಕಂಡಿತು. ಬಾಗಿಲಲ್ಲಿದ್ದ ನನ್ನ ಗಂಡ ಬಾಯಿ ತೆರೆದರು. ಮುಗಿಯಿತು ಎಂದುಕೊಂಡೆ.

"ಅದು ನಾನೇ ಅಕ್ಕವ್ವನೋರೆ. ಸೂಜಿ ನೋಡ್ಬಿಟ್ಟೆ. ಇವಳು ಮಿಸುಕ್ಲೇ ಇಲ್ಲ."

"ಹೆಂಗಸಿನ ದನಿ ಇತ್ತಂತ್ರೀ!"

"ಹೆದರಿದ್ರೆ ನಂಗೆ ಹಾಗೇ ಬರೋದು. ಬೇಕಾದ್ರೆ ಕೇಳಿ."

ಒಗೆದ ಪಂಚೆಯುಟ್ಟು, ಹಣೆ ತುಂಬ ವಿಭೂತಿ ಧರಿಸಿದ್ದ ಆ ಮನುಷ್ಯ, ಅಷ್ಟೂ ಹೆಂಗಸರೆದುರು ಕಣ್ಣು ಮುಚ್ಚಿ ಕತ್ತು ಚಾಚಿ ಕಿರುಚಿದರು: "ಅಯ್ಯಯ್ಯೋ ಯವ್ವಾ! ಸತ್ತೆ!"

ಶ್ರುತಿ ಸಹ ತಪ್ಪಲಿಲ್ಲ. ಅಜ್ಜಿಯ ಶಾಪವನ್ನು ಮಾತ್ರ ಬಿಟ್ಟರು.

ಬಳಗ ಬಿದ್ದು ಬಿದ್ದು ನಕ್ಕಿತು. ಅಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವರಿಗೆ ನೀರು ತಂದುಕೊಟ್ಟಳು. "ನಿಮ್ಮಂಥಾ ಗಂಡನ್ನ ಕಟ್ಗೊಂಡು ಮೇಡಮ್ಮಾರು ಭಾಳ ತಡಕೊಂಡಾರ ಬಿಡ್ರಿ!"

"ಹೌದು," ಎಂದು ಅವರು ಒಪ್ಪಿದರು. ನೀರು ಕುಡಿದರು, ಲೋಟ ಹಿಂದಿರುಗಿಸಿದರು, ಮತ್ತೊಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದರು.