ಕ್ವಾರಿಯ ಗೋಡೆಗೆ ಬಳ್ಳಿ

ಕಡ್ಡಿ ಮಾಲಿ ಆವತ್ತು ಬೆಳಿಗ್ಗೆ ಕೈ ಎತ್ತಬೇಕಾಗಿತ್ತು, ಎತ್ತಲಿಲ್ಲ. ಅಷ್ಟೇ ಅವನು ಮಾಡಿದ ತಪ್ಪು. ಎತ್ತರ ಅಂದರೆ ಯಾರಿಗಾದರೂ ಭಯವಿದೆಯಾ ಎಂದು ಮೇಸ್ತ್ರಿ ಕೇಳಿದಾಗ, ಸ್ಟೂಲು ಹತ್ತಿದರೂ ಕಣ್ಣು ಕತ್ತಲಿಡುವ ಈ ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡು ನಿಂತ. ಕಾರಣವಿತ್ತು. ಹಾಳುಬಿದ್ದ ಕಲ್ಲುಕ್ವಾರಿಯನ್ನು ಊರಿಗೊಂದು ಉದ್ಯಾನ ಮಾಡುವ ಈ ಕೆಲಸದಲ್ಲಿ ಅವನು ಇನ್ನೂ ದಿನಗೂಲಿ. ಸಂಜೆ ದೊಡ್ಡ ಸಾಹೇಬರು ಬಂದು ಒಬ್ಬ ಮಾಲಿಯನ್ನು ಖಾಯಂ ಮಾಡುವವರಿದ್ದರು. ಅದು ತನ್ನ ಗಂಡನೇ ಎಂದು ಅವನ ಹೆಂಡತಿ ಬೀದಿಗೆಲ್ಲ ಸಾರಿಯೂ ಆಗಿತ್ತು. ಭಯ ಅಂದರೆ ಕೆಲಸ ಹೋಯಿತು. ಕೆಲಸ ಹೋದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

"ಹಾಗಾದ್ರೆ ನೀನೇ ಇಳಿ. ನೀನೇ ಎಲ್ಲರಿಗಿಂತ ಹಗುರ" ಎಂದ ಮೇಸ್ತ್ರಿ.

ಕ್ವಾರಿಯ ಕಲ್ಲುಗೋಡೆ ಹತ್ತಾಳುದ್ದವಿತ್ತು. ಹಿಂದೆ ಸಿಡಿಮದ್ದು ಇಡಲು ಕೊರೆದಿದ್ದ ಕುಳಿಗಳಿಗೆ ಮಣ್ಣು ತುಂಬಿ ಬಳ್ಳಿ ನೆಡಬೇಕು. ಅವನನ್ನು ಒಂದು ಹಲಗೆಯ ಮೇಲೆ ಕೂರಿಸಿದರು. ಮೇಲೆ ಹಗ್ಗ ಹಿಡಿದವರು ನಾಲ್ವರು ಮುದುಕರು, ಇದೇ ಕ್ವಾರಿಯಲ್ಲಿ ಕಲ್ಲು ಒಡೆದು ಹಣ್ಣಾದವರು. ಪ್ರಾಣ ಬಿಟ್ಟರೂ ಹಗ್ಗ ಬಿಡೆವು ಎಂದು ಧೈರ್ಯ ಹೇಳಿದರು. ಮಾಲಿಗೆ ಸಮಾಧಾನವಾಗಲಿಲ್ಲ. ಒಂದೊಂದು ಗಂಟನ್ನೂ ಜಗ್ಗಿ ನೋಡಿದ, ಮತ್ತೆ ಮೊದಲಿಂದ ಜಗ್ಗಿದ, ಹಗ್ಗದ ತುದಿಯನ್ನು ಅಲ್ಲಿದ್ದ ಕಬ್ಬಿಣದ ಗೂಟಕ್ಕೂ ಬಿಗಿಯಿರಿ ಎಂದು ಬೇಡಿಕೊಂಡ, ಕಾಲು ಹಿಡಿಯುವುದೊಂದು ಬಾಕಿ. ಮುದುಕರು ನಗುತ್ತ ಬಿಗಿದರು.

ಅವನು ಜೀವ ಕೈಯಲ್ಲಿ ಹಿಡಿದು ಇಳಿದ. ಕೆಳಗೆ ಆಗಲೇ ಅರ್ಧ ಬೀದಿ ನೆರೆದಿತ್ತು. ಪಕ್ಕದ ಮನೆಯಾಕೆ ತನ್ನ ಮೈದುನ ಹೀಗೇ ಬಿದ್ದು ಸೊಂಟ ಮುರಿದುಕೊಂಡ ಕತೆಯನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಹೆಂಡತಿ ಮಾತ್ರ ಹೆಮ್ಮೆಯಿಂದ ಬೀಗುತ್ತಿದ್ದಳು. ಕೆಳಗೆ ನೋಡಬೇಡ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಏನಿದೆಯೋ ಎಂದು ಅವನು ನೋಡಿಯೇಬಿಟ್ಟ. ತಕ್ಷಣ ಕಣ್ಣು ಮುಚ್ಚಿ ಹಗ್ಗವನ್ನು ತಬ್ಬಿಕೊಂಡ.

ಅದೇ ಹೊತ್ತಿಗೆ ಹೊಸ ಕಾವಲುಗಾರ, ಹುಲ್ಲುಹಾಸು ತುಳಿದ ಯಾರನ್ನೋ ಗದರಿಸಲು ಉದ್ದಕ್ಕೆ ಮೂರು ಸಲ ಸೀಟಿ ಊದಿದ.

ಮೇಲಿದ್ದ ನಾಲ್ವರೂ ಹಗ್ಗ ಬಿಟ್ಟು ಓಟ ಕಿತ್ತರು. ಹಳೇ ಶೆಡ್ಡಿನೊಳಗೆ ನುಗ್ಗಿ ಕಿವಿ ಮುಚ್ಚಿ ಬೋರಲು ಮಲಗಿದರು.

ಮಾಲಿ ಜರ್ರನೆ ಜಾರಿದ. ಸತ್ತೆ ಅಂದುಕೊಂಡ. ಅಷ್ಟರಲ್ಲಿ ಗೂಟ ಹಗ್ಗವನ್ನು ತಡೆಯಿತು. ನೆಲಕ್ಕಿನ್ನೂ ಎರಡಾಳು ಇರುವಾಗ ಅವನು ಬಾವಿಯ ಕೊಡದಂತೆ ಗಿರಗಿರ ತಿರುಗುತ್ತ ನೇತಾಡಿದ.

ಮುದುಕರು ತಲೆ ತಗ್ಗಿಸಿಕೊಂಡು ಬಂದು ಅವನನ್ನು ಇಳಿಸಿದರು. "ಅಭ್ಯಾಸ ಬಲ ಕಣಪ್ಪ" ಎಂದ ಅವರಲ್ಲೊಬ್ಬ. "ಆಗೆಲ್ಲಾ ಮೂರು ಸೀಟಿ ಅಂದ್ರೆ ಮದ್ದಿಗೆ ಬೆಂಕಿ ಇಟ್ರು ಅಂತ. ಓಡದೇ ಇದ್ದೋರು ಯಾರೂ ಉಳೀಲಿಲ್ಲ."

ಸಂಜೆ ದೊಡ್ಡ ಸಾಹೇಬರ ಕಾರು ಬಂದು ನಿಂತಾಗಲೂ ಮಾಲಿ ನೆಲ ಹಿಡಿದು ಕೂತಿದ್ದ. ಅತ್ತ ದರಿ, ಇತ್ತ ಪುಲಿ. ಮಾನ ಹೋದರೆ ಹೋಗಲಿ, ಜೀವ ಇದ್ದರೆ ಬೇರೆಲ್ಲಾದರೂ ಸಸಿಗೆ ನೀರು ಹಾಕಿಕೊಂಡು ಬದುಕುತ್ತೇನೆ ಎಂದುಕೊಂಡು ನೇರ ಅವರೆದುರು ಹೋಗಿ ಕೈಮುಗಿದ.

"ಸುಳ್ಳು ಹೇಳ್ದೆ ಸ್ವಾಮಿ. ನಂಗೆ ಎತ್ತರ ಅಂದ್ರೆ ಜೀವಭಯ. ಆ ಗೂಟಕ್ಕೆ ಕಟ್ಟಿಸ್ಕೊಂಡಿದ್ದೂ ಅದಕ್ಕೇ. ನನ್ನ ಬಿಟ್ಬಿಡಿ."

ಹೇಳಿದ ಮೇಲೆ ಎದೆ ಹಗುರಾಯಿತು. ಹೆಂಡತಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಸಾಹೇಬರು ನಡೆದದ್ದನ್ನೆಲ್ಲ ಕೇಳಿಸಿಕೊಂಡರು, ಗೂಟ ನೋಡಿದರು, ಹಗ್ಗ ನೋಡಿದರು, ಮುದುಕರನ್ನು ನೋಡಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು.

"ಧೈರ್ಯವಂತರು ಗಂಟು ನೋಡಲ್ಲ ಕಣ್ರೀ. ಬೇರೆ ಯಾರಾದ್ರೂ ಇಳಿದಿದ್ರೆ ಇವತ್ತು ಹೆಣ ಎತ್ತಬೇಕಾಗ್ತಿತ್ತು. ಗೋಡೆ ಕೆಲಸಕ್ಕೆ ಇಂಥ ಪುಕ್ಕಲನೇ ಬೇಕು. ಇವನನ್ನೇ ಖಾಯಂ ಮಾಡಿ."

ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಸಂತೋಷಕ್ಕೆ ಅತ್ತೇಬಿಟ್ಟಳು. ಬೇಡ ಎನ್ನಲು ಮಾಲಿ ಬಾಯಿ ತೆರೆಯುವಷ್ಟರಲ್ಲಿ, ಆಚೆ ಕಡೆಯ ಗೋಡೆ ಇದರ ಎರಡರಷ್ಟಿದೆ, ನಾಳೆ ಅದರಿಂದಲೇ ಶುರು ಮಾಡೋಣ ಎಂದು ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಹಾಕಿದ.