ಗೂಡಿನ ಅಂಗಡಿಯಲ್ಲಿ ಕಾಲೇಜಿನ ತೀರ್ಪು

ನಿಮಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆಂದು ಊರಿಗೆ ಗೊತ್ತಾದರೆ ಸಾಕು, ಬಾರದ ಕೆಲಸವನ್ನೂ ತಂದು ನಿಮ್ಮ ಜಗಲಿಯ ಮೇಲೆ ಇಳಿಸಿ ಹೋಗುತ್ತಾರೆ. ನನ್ನ ಜಗಲಿ ಒಂದು ದಿನವೂ ಖಾಲಿ ಇದ್ದದ್ದಿಲ್ಲ.

ನನ್ನ ಕಸುಬು ರೇಷ್ಮೆಗೂಡಿನದು. ಗಂಡ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಗೂಡಿನಿಂದ ನೂಲು ತೆಗೆಯುವ ಒಂದು ಚರಕ, ಒಂದು ಹಸುಗೂಸು. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಚರಕ ತಿರುಗಿಸಿದೆ. ಯಾರ ಬಾಗಿಲಿಗೂ ಹೋಗಲಿಲ್ಲ. ಬರಬರುತ್ತ ಚನ್ನಪಟ್ಟಣದ ಪೇಟೆಯಲ್ಲಿ ನನ್ನದೇ ಅಂಗಡಿಯಾಯಿತು. ಮಾಗಡಿ, ಕಾನಕಾನಹಳ್ಳಿ, ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ರಾಮನಗರದ ಕಡೆಯ ರೈತರೆಲ್ಲ ಗೂಡಿನ ಮೂಟೆ ಹೊತ್ತು ನನ್ನಲ್ಲಿಗೇ ಬರುತ್ತಿದ್ದರು. ನಾನು ಮೂಟೆಗೆ ಕೈಹಾಕಿ ಒಂದು ಗೂಡು ತೆಗೆದು, ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದೆ. ಒಳಗೆ ಕಟಕಟ ಸದ್ದಾದರೆ ಒಳ್ಳೆಯ ಗೂಡು. ಸದ್ದೇ ಇಲ್ಲದಿದ್ದರೆ ಒಳಗಿನ ಹುಳ ಕೊಳೆತು ಅಂಟಿಕೊಂಡಿದೆ ಎಂದು ಅರ್ಥ. ನನ್ನ ಕಿವಿ ತಪ್ಪುವುದಿಲ್ಲ ಎಂದು ಹೆಸರಾಗಿತ್ತು.

ಆಗತಾನೆ ನಮ್ಮ ಸಂಸ್ಥಾನಕ್ಕೇ ಒಂದು ವಿಶ್ವವಿದ್ಯಾನಿಲಯ ಬಂದಿತ್ತು. ಮೈಸೂರಿನಲ್ಲಿ ಕಾಲೇಜು, ಬೆಂಗಳೂರಿನಲ್ಲಿ ಕಾಲೇಜು. ನಮ್ಮೂರು ಎರಡರ ನಡುವೆ. ರೈಲು ಯಾವ ಕಡೆಗೆ ಹೋದರೂ ಅದರಲ್ಲಿ ಟ್ರಂಕು ಹಿಡಿದ ಒಬ್ಬ ಹುಡುಗ ಇದ್ದೇ ಇರುತ್ತಿದ್ದ. ಒಮ್ಮೆ ಗೂಡು ತಂದ ರೈತನೊಬ್ಬ ತಮಾಷೆಗೆ, ನಮ್ಮ ಹೈದನನ್ನು ಕಾಲೇಜಿಗೆ ಸೇರಿಸಿಕೊಳ್ಳುತ್ತಾರಾ ನೋಡಿ ಹೇಳಿ ಎಂದ. ಹುಡುಗನ ಕಣ್ಣು ನೋಡಿದೆ. ಸೇರುತ್ತಾನೆ ಎಂದೆ. ಸೇರಿದ. ಅಲ್ಲಿಂದ ಶುರುವಾಯಿತು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಣ್ಣಂದಿರು ಕೂಲಿಮಠಕ್ಕೆ ಹೋಗುವಾಗ ಅವರ ಬುತ್ತಿ ಹೊತ್ತು ಬಾಗಿಲವರೆಗೆ ಹೋಗಿ ಹಿಂದಕ್ಕೆ ಬರುತ್ತಿದ್ದೆ. ಅಕ್ಷರ ಕಲಿತದ್ದು ರೇಷ್ಮೆಹುಳ ಸಾಕುವ ಬಿದಿರ ತಟ್ಟೆಯಲ್ಲಿ. ತಟ್ಟೆಗೆ ಹಳೆಯ ವೃತ್ತಪತ್ರಿಕೆ, ಹರಿದ ಪುಸ್ತಕದ ಹಾಳೆ ಹಾಸುವುದು ವಾಡಿಕೆ. ಮೇಲೆ ಹುಳ ಸೊಪ್ಪು ಮೇಯುತ್ತಿದ್ದರೆ ಕೆಳಗೆ ನಾನು ಅಕ್ಷರ ಮೇಯುತ್ತಿದ್ದೆ. ಹೀಗೆ ಓದಿದವಳಿಗೆ ಯಾವುದೂ ಪೂರ್ತಿ ಸಿಗುವುದಿಲ್ಲ. ಒಂದು ಹಾಳೆಯಲ್ಲಿ ಯಾವನೋ ದೊರೆ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಮಳೆ ಹಿಡಿದಿತ್ತು, ಕೋಟೆಯೊಳಗೆ ಅಕ್ಕಿ ಮುಗಿದಿತ್ತು. ಅಲ್ಲಿಗೆ ಹಾಳೆಯೂ ಮುಗಿದಿತ್ತು. ಮುಂದಿನ ಹಾಳೆ ಯಾರ ಮನೆಯ ತಟ್ಟೆಗೆ ಹೋಯಿತೋ. ಮಗಳು ಹೈಸ್ಕೂಲು ಸೇರಿದ ಮೇಲೆ ಅವಳನ್ನೇ ಕೇಳಿದೆ.

“ಅವ್ವ, ಚರಿತ್ರೆಲಿ ದೊರೆಗಳೆಲ್ಲ ಮಾಡದು ಅದೊಂದೇ ಕೆಲ್ಸ. ನಿನ್ ದೊರೆ ಯಾವನು ಅಂತ ಹುಡುಕ್ಲಿ?” ಎಂದಳು.

ಆ ವರ್ಷ ಮಗಳು ಕೊನೆಯ ತರಗತಿಯಲ್ಲಿದ್ದಳು. ಮಾಗಡಿ ಸೀಮೆಯ ಕೆಂಪಾಪುರದ ನನ್ನ ಭಾವನವರು ಅವಳಿಗೆ ಕಾನಕಾನಹಳ್ಳಿಯಲ್ಲಿ ಗಂಡು ನೋಡಿ ಇಟ್ಟಿದ್ದರು. ನನಗೂ ಭಾವನವರಿಗೂ ಒಂದು ಕರಾರು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನವರು ಅವಳನ್ನು ಸೇರಿಸಿಕೊಂಡರೆ ಭಾವನವರು ಮದುವೆಯ ಮಾತೆತ್ತುವುದಿಲ್ಲ. ಇಲ್ಲವಾದರೆ ಮುಂದಿನ ಲಗ್ನದ ಕಾಲಕ್ಕೆ ನಾನು ತಡೆಯುವ ಹಾಗಿಲ್ಲ. ಊರ ಮಕ್ಕಳಿಗೆಲ್ಲ ತೀರ್ಪು ಹೇಳುತ್ತಿದ್ದ ನಾನು ಆ ವರ್ಷವೆಲ್ಲ ಒಳಗೊಳಗೆ ಒಬ್ಬಳದೇ ತೀರ್ಪಿಗಾಗಿ ಬೇಯುತ್ತಿದ್ದೆ.

ಜ್ವರಕ್ಕೆ ಕೂತ ಹುಡುಗ

ರೇಷ್ಮೆಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಹುಳದ ಮನೆಗೆ ಹೊರಗಿನವರನ್ನು ಬಿಡುವಂತಿಲ್ಲ, ಒಗ್ಗರಣೆಯ ಘಾಟು ಆಗದು, ನಶ್ಯದ ವಾಸನೆ ಬಂದರಂತೂ ಹುಳ ಸತ್ತೇ ಹೋಗುತ್ತದೆ.

ಕೂಟಗಲ್ಲಿನ ಒಬ್ಬ ಗೌಡತಿ ಬಂದು, ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಊಟ ಬೇಡ ಅನ್ನುತ್ತಾನೆ, ತಲೆಯೆತ್ತಿ ಸೂರು ನೋಡುತ್ತ ಕೂತಿದ್ದಾನೆ, ಒಂದು ಸಲ ಬಂದು ನೋಡಿ ಎಂದಳು. ಗಾಡಿ ಕಟ್ಟಿಸಿಕೊಂಡು ಹೋದೆ. ಹುಡುಗನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದ್ದರು. ನೆಂಟರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಲೆಕ್ಕ ಹೇಳಿಕೊಡಲು ಬಂದ ಮೇಷ್ಟರನ್ನೂ ಒಳಗೆ ಬಿಟ್ಟಿರಲಿಲ್ಲ. ಅವರಿಗೆ ನಶ್ಯದ ಚಟ.

ಗೋಣಿತಾಟು ಕಿತ್ತು ಬಿಸಾಡಿ, “ಇವ್ನು ಹುಳ ಅಲ್ಲ ಕಣವ್ವ, ಹುಡುಗ” ಎಂದೆ.

“ಗೊತ್ತು ಕಣವ್ವಾರೆ,” ಎಂದಳು ಆಕೆ ನಿಟ್ಟುಸಿರಿಟ್ಟು. “ಹುಳ ಆಗಿದ್ರೆ ಇಷ್ಟೊತ್ಗೆ ಗೂಡು ಕಟ್ಬುಡದು.”

ಕುಲುಕಿದ್ದು

ಕ್ಲೋಸ್‌ಪೇಟೆಯ ದಿನಸಿ ಅಂಗಡಿಯವನೊಬ್ಬ ಮಗನನ್ನು ಕರೆತಂದ. ಹುಡುಗನೊಡನೆ ನಾಲ್ಕು ಮಾತಾಡಿದೆ. ಇನ್ನೂ ಹಸಿ, ಒಂದು ವರ್ಷ ಬಿಟ್ಟು ಕಳಿಸಿ ಎಂದೆ. ತಂದೆಗೆ ಒಪ್ಪಿಗೆಯಾಗಲಿಲ್ಲ. ನೀವು ಸರಿಯಾಗಿ ನೋಡಲಿಲ್ಲ, ಗೂಡಿಗೆ ಮಾಡುವ ಹಾಗೆ ಮಾಡಿ ಎಂದು ಹಟ ಹಿಡಿದ. ನನಗೆ ಹಟದಲ್ಲಿ ಸೋತು ರೂಢಿಯಿಲ್ಲ, ಮುಂದಿನ ಮೂಟೆಗೆ ಕೈಹಾಕಿದೆ. ಅವನು ಎದ್ದು ಬಂದು, ಮಗನ ಎರಡು ಭುಜ ಹಿಡಿದು, ನನ್ನ ಕಿವಿಯ ಹತ್ತಿರಕ್ಕೆ ಎಳೆದು ತಂದು ಜೋರಾಗಿ ಕುಲುಕಿಯೇ ಬಿಟ್ಟ.

ನಿಜಕ್ಕೂ ಕಟಕಟ ಸದ್ದಾಯಿತು. ತಂದೆಯ ಮುಖ ಅರಳಿತು. ನಾನು ಹುಡುಗನ ಜೇಬಿಗೆ ಕೈಹಾಕಿ ಗೋಲಿಗಳನ್ನು ತೆಗೆದು ಜಗಲಿಯ ಮೇಲಿಟ್ಟೆ.

ಹಲ್ಲು

ಕಾನಕಾನಹಳ್ಳಿಯ ಆಚೆ ಕೋಡಿಹಳ್ಳಿಯಿಂದ ಒಬ್ಬ ಅಜ್ಜ ಬರುತ್ತಿದ್ದ. ದನದ ವ್ಯಾಪಾರದಲ್ಲಿ ತಲೆ ನೆರೆದವನು. ಅವನ ಮೊಮ್ಮಗ ಎಂಟ್ರೆನ್ಸ್ ಪರೀಕ್ಷೆ ಪಾಸಾಗಿದ್ದ. ಮೈಸೂರಿಗೋ ಬೆಂಗಳೂರಿಗೋ ಎಂದು ಕೇಳಿದ. ಹುಡುಗನಿಗೆ ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿತ್ತು; ವಿಜ್ಞಾನ ಕಲಿಸುವುದು ಬೆಂಗಳೂರಿನಲ್ಲಿ, ಅಲ್ಲಿಗೇ ಎಂದೆ. ಅಜ್ಜನಿಗೆ ಇದ್ದ ಚಿಂತೆ ಬೇರೆ. ಹುಡುಗನ ನೆತ್ತಿಯಲ್ಲಿ ಎರಡು ಸುಳಿ ಇದ್ದವು. ಕೆಟ್ಟ ಸುಳಿಯ ಹೋರಿಯನ್ನು ಜಾತ್ರೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕಾಲೇಜಿನವರು ಅದನ್ನು ನೋಡುತ್ತಾರೋ ಎಂದು ನನ್ನನ್ನು ಗುಟ್ಟಾಗಿ ಕೇಳಿದ. ನೋಡುವುದಿಲ್ಲ, ವಯಸ್ಸು ಎಷ್ಟಾಗಿದೆ ಎಂದು ಮಾತ್ರ ಕೇಳಬಹುದು ಎಂದೆ.

ವಾರ ಕಳೆದು ಬಂದು ನಡೆದದ್ದನ್ನು ಅವನೇ ಹೇಳಿದ. ಕಾಲೇಜಿನಲ್ಲಿ ಕನ್ನಡಕದ ದೊಡ್ಡ ಮನುಷ್ಯರು ಒಬ್ಬರು ಕೂತಿದ್ದರಂತೆ. ಹುಡುಗನಿಗೆ ವಯಸ್ಸೆಷ್ಟು ಎಂದರಂತೆ. ಹುಡುಗ ಬಾಯಿ ತೆರೆಯುವ ಮುಂಚೆ ಅಜ್ಜನೇ ಅವನ ಬಾಯಿ ತೆರೆದ. ಎರಡು ಹೆಬ್ಬೆರಳಿನಲ್ಲಿ ತುಟಿ ಅಗಲಿಸಿ ಹಿಡಿದು, “ನಾನು ಹೇಳಿದ್ರೆ ವ್ಯಾಪಾರದ ಮಾತಾಯ್ತದೆ ಬುದ್ದಿ, ಒಸಿ ನೀವೇ ನೋಡ್ಕಳಿ” ಎಂದನಂತೆ.

ಆ ಮಹನೀಯರು ಎದ್ದು ಬಂದು ನೋಡಿಯೇ ನೋಡಿದರಂತೆ. ಹುಡುಗ ಸೇರಿದ. ಅಂಕಗಳಿಂದ ಸೇರಿದ ಎಂದು ನಾನು ಎಷ್ಟು ಹೇಳಿದರೂ ಅಜ್ಜ ಕೇಳಲಿಲ್ಲ. “ಅಂಕ ಎಲ್ರುಗೂ ಬತ್ತದೆ ಕಣವ್ವ. ಅಂಥಾ ಹಲ್ಲು ಆ ಕಾಲೇಜ್ನಾಗೆ ಯಾರ್ಗಿತ್ತು?”

ತೀರ್ಪು ಹೇಳಿದ್ದಕ್ಕೆ ನಾನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತಿದ್ದೆ: ರಜೆಗೆ ಬಂದಾಗ ಕಾಲೇಜು ಹೇಗಿದೆ, ಅಲ್ಲಿ ಏನು ಹೇಳುತ್ತಾರೆ ಎಂದು ನನಗೆ ಬಂದು ಹೇಳಬೇಕು. ಬಹಳ ಹುಡುಗರು ಮರೆತರು. ಕೆಲವರು ಬಂದು ಹೋಟೆಲಿನ ದೋಸೆಯ ಸಂಗತಿ ಹೇಳಿದರು. ಈ ಹಲ್ಲಿನ ಹುಡುಗ ಮಾತ್ರ ಬಂದು, ಅಲ್ಲಿ ಬೆಂಚುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿದ್ದಾರೆ, ಹಿಂದೆ ಕೂತವನಿಗೂ ಬೋರ್ಡು ಕಾಣುತ್ತದೆ ಎಂದು ಹೇಳಿದ. ನಮ್ಮ ಹುಳದ ಮನೆಯಲ್ಲಿ ತಟ್ಟೆಯ ಮೇಲೆ ತಟ್ಟೆ ಜೋಡಿಸುವ ಹಾಗೆ ಎಂದುಕೊಂಡೆ. ಆ ಮೇಲೆ ಸೊಪ್ಪು ಹಾಕುವಾಗೆಲ್ಲ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಎಲ್ಲರಿಗಿಂತ ಹಿಂದಿನ ತಟ್ಟೆಯಲ್ಲಿ ನಾನೂ ಒಂದು ಮೂಲೆಯಲ್ಲಿ.

ಭಾವನವರ ಊಟ

ಪರೀಕ್ಷೆ ಮುಗಿದು ಫಲಿತಾಂಶ ಬರುವ ಮುಂಚೆ ಭಾವನವರು ಬಂದರು. ಹಣೆತುಂಬ ವಿಭೂತಿ, ಮೆಲ್ಲಗಿನ ಮಾತು. ಕೆಟ್ಟವರಲ್ಲ, ಕೊಟ್ಟ ಮಾತಿಗೆ ಹೆದರುವವರು. ಅಂಗಡಿಯ ತುಂಬ ಜನ ಇರುವಾಗಲೇ, “ಊರ ಮಕ್ಕಳ್ಗೆಲ್ಲ ಹೇಳ್ತೀಯಲ್ಲ ತಂಗ್ಯವ್ವ, ನಮ್ ಹುಡುಗಿದು ಏನಾಯ್ತದೆ ಹೇಳು” ಎಂದರು.

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಒಂದು ಗೂಡಿತ್ತು. ಸುಮ್ಮನೆ ಕಿವಿಗೆ ಹಿಡಿದು ಕುಲುಕಿದೆ. ಎದೆಯ ಸದ್ದೇ ಜೋರಾಗಿತ್ತು, ಗೂಡಿನದು ಕೇಳಲಿಲ್ಲ. ಮೊದಲು ಊಟ ಮಾಡಿ ಎಂದೆ.

ಅಂದು ಅಡುಗೆ ಮಗಳದು. ಒಂದು ಕೈಯಲ್ಲಿ ಪುಸ್ತಕ ಹಿಡಿದು ಮುದ್ದೆ ತೊಳಸಿದ್ದಳು. ಭಾವನವರು ಮುದ್ದೆ ಮುರಿದರು. ಒಳಗೆ ಹಸಿ ಹಿಟ್ಟು ಹಾಗೇ ಇತ್ತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಅವರು ತಲೆಯೆತ್ತದೆ ಅಷ್ಟನ್ನೂ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಜಗಲಿಗೆ ಬಂದು ಕೂತರು.

“ಆ ಕಾಲೇಜ್ನೋರು ಸೇರಿಸ್ಕಳ್ಳಿ ಅಂತ ಮಾದೇಸ್ವರನ್ಗೆ ನಾನೂ ಒಂದು ಹರಕೆ ಹೊತ್ಕತೀನಿ,” ಎಂದರು ಕೊನೆಗೆ. “ಗಂಡಿನೋರ್ಗೆ ಮಾತು ಕೊಟ್ಬುಟ್ಟಿವ್ನಿ. ಆದ್ರೂ ಅವ್ರೂ ನಮ್ಮಂಗೆ ಮನುಷ್ಯರಲ್ವಾ?”

ಬೆಂಚು

ಮಗಳು ಪಾಸಾದಳು. ಆದರೆ ಪಾಸಾದವರೆಲ್ಲರಿಗೂ ಸ್ಥಳವಿರಲಿಲ್ಲ; ಪ್ರಿನ್ಸಿಪಾಲರು ಕಣ್ಣಾರೆ ನೋಡಿ ಸೇರಿಸಿಕೊಳ್ಳುತ್ತಾರೆ ಎಂದು ಕಾಲೇಜಿನಿಂದ ಕಾಗದ ಬಂತು. ಟ್ರಂಕು ಕಟ್ಟಿಕೊಂಡೇ ಮೈಸೂರಿನ ರೈಲು ಹತ್ತಿದೆವು. ಸಿಗದಿದ್ದರೆ ಟ್ರಂಕು ಹಿಂದಕ್ಕೆ ತಂದರಾಯಿತು ಎಂದಳು ಮಗಳು. ಆ ಟ್ರಂಕು ಹಿಂದಕ್ಕೆ ಬಂದರೆ ನೆಟ್ಟಗೆ ಕಾನಕಾನಹಳ್ಳಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಕಾಲೇಜಿನ ಒಂದು ಕೋಣೆಯಲ್ಲಿ ಹುಡುಗಿಯರನ್ನು ಉದ್ದನೆಯ ಬೆಂಚಿನ ಮೇಲೆ ಕೂರಿಸಿದರು. ಜೊತೆಗೆ ಬಂದವರು ಹೊರಗಿನ ಪಡಸಾಲೆಯಲ್ಲಿರಬೇಕು ಎಂದ ಜವಾನ. ಎಲ್ಲರೂ ಹೋದರು. ನಾನು ಹೋಗಲಿಲ್ಲ. ಗೋಡೆಯಲ್ಲಿ ಕರಿಯ ಬೋರ್ಡಿತ್ತು, ಅದರ ಮೇಲೆ ಯಾರೋ ಅರ್ಧ ಅಳಿಸಿ ಬಿಟ್ಟ ಅಕ್ಷರಗಳಿದ್ದವು. ಮಗಳ ಪಕ್ಕ ಒಂದಿಷ್ಟು ಜಾಗವಿತ್ತು, ಕೂತೆ. ಸೆರಗನ್ನು ತಲೆತುಂಬ ಹೊದ್ದುಕೊಂಡೆ. ಜನ್ಮದಲ್ಲಿ ಮೊದಲ ಸಲ ಬೆಂಚಿನ ಮೇಲೆ ಕೂತವಳು ಜವಾನ ಹೇಳಿದನೆಂದು ಏಳುತ್ತೇನೆಯೇ?

ಗುಮಾಸ್ತೆ ಬಂದು, ಬರೆದುಕೊಳ್ಳುತ್ತ, ತಲೆ ಎತ್ತದೆ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಮಗಳದಾಯಿತು. ಮುಂದಿನ ಪ್ರಶ್ನೆ ನನಗೆ ಬಂತು.

ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಚನ್ನಪಟ್ಟಣ ಎಂದೆ. ಮಗಳು ನನ್ನ ಕಾಲು ತುಳಿದಳು. ಯಾವ ವಿಷಯ ತೆಗೆದುಕೊಳ್ಳುತ್ತೀರಿ ಎಂದ.

“ಚರಿತ್ರೆ” ಎಂದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ವರ್ಷದಿಂದ ಕಾದು ಕೂತಿತ್ತೋ, ತಾನಾಗಿ ಬಂತು.

ವಯಸ್ಸೆಷ್ಟು ಎಂದ. ಅದನ್ನೂ ಹೇಳಿದೆ. ಆಗ ತಲೆಯೆತ್ತಿದ.

ಹುಡುಗಿಯರ ನಗು ಕೇಳಿ ಪ್ರಿನ್ಸಿಪಾಲರೇ ತಮ್ಮ ಕೋಣೆಯಿಂದ ಎದ್ದು ಬಂದರು. ನನ್ನ ವಯಸ್ಸಿನವರೇ ಇದ್ದಿರಬೇಕು. ಅವರು ನಗಲಿಲ್ಲ. “ಚರಿತ್ರೆ ಯಾಕೆ ಅಮ್ಮ?” ಎಂದು ಕೇಳಿದರು.

ಒಬ್ಬ ದೊರೆ ಮಳೆಯಲ್ಲಿ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಒಳಗೆ ಅಕ್ಕಿ ಮುಗಿದಿತ್ತು, ಆಮೇಲೆ ಏನಾಯಿತೆಂದು ತಿಳಿಯಬೇಕು ಎಂದೆ. ಹುಳದ ತಟ್ಟೆಯ ಸಂಗತಿ ಮಗಳು ಹೇಳಿದಳು. ಅಷ್ಟೂ ಹೇಳಿದಳು, ಗೂಡು, ಕಿವಿ, ಕೋಡಿಹಳ್ಳಿಯ ಹಲ್ಲು. ಹೇಳುತ್ತ ಹೇಳುತ್ತ ಅವಳ ಹೆದರಿಕೆ ಹೋಗಿ ಮಾತು ಸರಾಗವಾಯಿತು. ಪ್ರಿನ್ಸಿಪಾಲರು ಅವಳ ಮಾತು ಕೇಳುತ್ತ ನಿಂತ ರೀತಿ ನನಗೆ ಗುರುತಾಯಿತು. ನಾನು ಗೂಡು ಕುಲುಕಿ ಕೇಳುವುದೂ ಹಾಗೆಯೇ.

“ಮಗಳಿಗೆ ಸ್ಥಳ ಇದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮದನ್ನು ಮುಂದಿನ ವರ್ಷ ನೋಡೋಣ” ಎಂದರು.

ಟ್ರಂಕನ್ನೂ ಮಗಳನ್ನೂ ಹಾಸ್ಟೆಲಿನಲ್ಲಿ ಬಿಟ್ಟು ಒಬ್ಬಳೇ ರೈಲು ಹತ್ತಿದೆ. ಮದ್ದೂರು ದಾಟುವವರೆಗೂ ಪಕ್ಕದ ಜಾಗದಲ್ಲಿ ಯಾರನ್ನೂ ಕೂರಿಸಿಕೊಳ್ಳಲಿಲ್ಲ. ಚನ್ನಪಟ್ಟಣದ ನಿಲ್ದಾಣದಲ್ಲಿ ಭಾವನವರು ಕಾದು ನಿಂತಿದ್ದರು. ಗಂಡಿನವರು ಉತ್ತರ ಕೇಳಿ ಕಳಿಸಿದ್ದರಂತೆ.

“ಏನಾಯ್ತು ತಂಗ್ಯವ್ವ?”

“ಒಬ್ಬಳ್ಗೆ ಸಿಕ್ತು ಭಾವ, ಒಬ್ಬಳ್ಗೆ ಸಿಗ್ನಿಲ್ಲ.”

“ನಮ್ ಹುಡುಗಿಗೆ?”

“ಸಿಕ್ತು.”

ಅವರು ಮಾದೇಶ್ವರನಿಗೆ ಅಲ್ಲೇ ಕೈಮುಗಿದರು. ನಾಲ್ಕು ಹೆಜ್ಜೆ ನಡೆದು ನಿಂತರು. “ಸಿಗ್ದೆ ಹೋದೋಳು ಯಾರು, ಪಾಪ?”

“ನಮ್ಮೂರೋಳೇ.”

“ನಮ್ ಜನವಾ?”

“ನಮ್ ಜನವೇ.”

“ಓದ್ಬೇಕು ಅಂತ ಬಲು ಆಸೆ ಇಟ್ಕಂಡಿದ್ಲಾ?”

“ಬಲು ಆಸೆ ಭಾವ.”

ಭಾವನವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು.

“ಅಳ್ಬ್ಯಾಡ ಅಂತ ಹೇಳು ಆ ಕೂಸ್ಗೆ,” ಎಂದರು. “ಕಾನಕಾನಹಳ್ಳಿ ಗಂಡು ಇನ್ನೂ ಹಂಗೇ ಕುಂತವ್ನಲ್ಲ. ಅವ್ಳಿಗೇ ಮಾತಾಡಿ ಮುಗಿಸ್ಬುಡಾವ.”